ಭಟ್ಕಳದ ಭಾಷಾ ವೈವಿಧ್ಯ

ಭಟ್ಕಳ ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ತುದಿಯಲ್ಲಿರುವ ಪ್ರಾಚೀನ ಬಂದರು ಪಟ್ಟಣ. ಪಟ್ಟಣದಲ್ಲಿ ಮುಸ್ಲಿಮರು ಬಹುಸಂಖ್ಯಾತರು. ಅವರಲ್ಲಿ ಹೆಚ್ಚಿನವರು ನವಾಯತರು. ನವಾಯತಿ, ಕನ್ನಡ, ಕೊಂಕಣಿ, ಉರ್ದು ಇಲ್ಲಿಯ ಮುಖ್ಯ ಭಾಷೆಗಳು.

ಇತಿಹಾಸ

ಇಷ್ಟು ಭಾಷೆಗಳು ಒಂದೆಡೆ ನೆಲೆಯೂರಲು ಬಂದರೇ ಕಾರಣ. ಅರಬ್ ವರ್ತಕರು ವಿಜಯನಗರದ ಸೈನ್ಯಕ್ಕೆ ಕುದುರೆ ತಂದಿಳಿಸಿ ಮೆಣಸು ಒಯ್ಯುತ್ತಿದ್ದರು. ಕರಾವಳಿಯಲ್ಲೇ ನಿಂತವರು ಸ್ಥಳೀಯರೊಡನೆ ಮದುವೆ ಸಂಬಂಧ ಬೆಳೆಸಿದರು. ನವಾಯತ ಸಮುದಾಯ ರೂಪುಗೊಂಡದ್ದು ಇಂತಹ ಸಂಬಂಧಗಳಿಂದ ಎನ್ನುತ್ತಾರೆ. ಕರಾವಳಿಯ ಮುಸ್ಲಿಮರಲ್ಲಿ ವಿದ್ಯೆಗೂ ಮನ್ನಣೆಯಿತ್ತು: 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ನೆರೆಯ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಮುಂಬೈಯ ಮಾಹಿಮ್ ದರ್ಗಾದ ಸಂತ, ಅರಬ್ಬಿಯಲ್ಲಿ ಕುರಾನ್ ವ್ಯಾಖ್ಯಾನ ರಚಿಸಿದ ಮಖ್ದೂಮ್ ಅಲಿ ಮಾಹಿಮಿ ಕೂಡ ನವಾಯತ ಮನೆತನದವರು.

ಇದೇ ತಾಲೂಕಿನ ಹಾಡುವಳ್ಳಿ ಸಾಳುವ ಅರಸರ ಕಾಲದ ಜೈನ ವಿದ್ಯಾಕೇಂದ್ರ. ಅಲ್ಲಿಯ ಮಠದ ಪರಂಪರೆಯ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ನಿರೂಪಿಸಿದ. ಪಟ್ಟಣದ ಖೇತಪೈ ನಾರಾಯಣ ದೇವಸ್ಥಾನ ಕೊಂಕಣಿ ವರ್ತಕರ ಏಳಿಗೆಗೆ ಸಾಕ್ಷಿ.

ನವಾಯತಿ

ನವಾಯತಿಯ ಬುಡ ಕೊಂಕಣಿ. ಅರಬ್ಬಿ, ಪಾರ್ಸಿ ಪದಗಳು ಧಾರಾಳವಾಗಿ ಬೆರೆತಿವೆ. ಬರವಣಿಗೆಗೆ ಉರ್ದುವಿನಂತೆ ಅರಬ್ಬಿ-ಪಾರ್ಸಿ ಲಿಪಿ. ಬಂದರಿನ ಅಧಿಕಾರಿಯನ್ನು ಸೂಚಿಸುವ ಪಾರ್ಸಿಯ ‘ಶಾಹ್‌ಬಂದರ್’ ಇಲ್ಲಿ ‘ಶಾಬಂದ್ರಿ’ ಎಂಬ ಮನೆತನದ ಹೆಸರಾಗಿ ಉಳಿದಿದೆ. ಮುರ್ಡೇಶ್ವರ, ಮಂಕಿ, ಶಿರೂರು, ಗಂಗೊಳ್ಳಿಗಳಲ್ಲೂ ಮುಂಬೈ ಮತ್ತು ಕೊಲ್ಲಿ ದೇಶಗಳಲ್ಲೂ ಈ ಭಾಷಿಕರಿದ್ದಾರೆ. ಸಮುದಾಯವನ್ನು ಕುರಿತ ವಿಕ್ಟರ್ ಡಿಸೋಜಾ ಅವರ ಅಧ್ಯಯನವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1955ರಲ್ಲಿ ಪ್ರಕಟಿಸಿತು.

ಬಳಕೆ

ನವಾಯತರು ಮನೆಯಲ್ಲಿ ಆಡುವುದು ನವಾಯತಿ. ನಮಾಜಿಗೆ ಅರಬ್ಬಿ, ಓದು-ಬರಹ ಮತ್ತು ಸಭೆಗಳಿಗೆ ಉರ್ದು, ಕಚೇರಿ-ಪೇಟೆಗಳಲ್ಲಿ ಕನ್ನಡ. 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಆಧುನಿಕ ಶಿಕ್ಷಣಕ್ಕೂ 1962ರ ಜಾಮಿಯಾ ಇಸ್ಲಾಮಿಯಾ ಧಾರ್ಮಿಕ ವಿದ್ಯೆಗೂ ಹೆಸರಾದವು. ನಾಮಧಾರಿ, ಮೊಗೇರ, ಗೊಂಡ ಸಮುದಾಯಗಳ ಮನೆಮಾತು ಕನ್ನಡ. ಗೌಡ ಸಾರಸ್ವತರ ಮತ್ತು ಖಾರ್ವಿಗಳ ಮಾತು ಕೊಂಕಣಿ.

2022ರಲ್ಲಿ ಪುರಸಭೆಯ ನಾಮಫಲಕದಲ್ಲಿ ಉರ್ದು ಸೇರಿಸಿದ್ದು ವಿವಾದವಾಗಿ ಅದನ್ನು ತೆಗೆಯಲಾಯಿತು. ಆ ಗದ್ದಲದಲ್ಲಿ ನವಾಯತಿಯನ್ನು ದಾಖಲಿಸುವ ಪ್ರಶ್ನೆ ಮರೆಗೆ ಸರಿಯಿತು. ಕೊಂಕಣಿಯ ಬೇರು, ಅರಬ್ಬಿಯ ಲಿಪಿ, ಕನ್ನಡದ ನೆಲ ಮೂರನ್ನೂ ಹೊಂದಿರುವ ಈ ಭಾಷೆಯ ಪದಗಳನ್ನೂ ಹೆಂಗಸರ ಮದುವೆ ಹಾಡುಗಳನ್ನೂ ಹಿರಿಯರಿರುವಾಗಲೇ ದಾಖಲಿಸುವುದು ಕರ್ನಾಟಕದ ವಿದ್ವಾಂಸರ ಹೊಣೆ.