ಮಾಡಿನ ಲೆಕ್ಕ: ಮಂಗಳೂರು ಹಂಚಿನ ಮನೆಗಳ ಛಾವಣಿ ಬದಲಾವಣೆಯ ವೆಚ್ಚ

ಕರಾವಳಿ ಮತ್ತು ಮಲೆನಾಡಿನಲ್ಲಿ ಹಳೆಯ ಹಂಚಿನ ಮನೆಯ ಮಾಡು ಬಿಚ್ಚಿ ಹೊಸದಾಗಿ ಕಟ್ಟಿಸಲು ಹೊರಟವರು ಮೇಸ್ತ್ರಿಗೆ ಹಾಕುವ ಮೊದಲ ಪ್ರಶ್ನೆ ‘ಚದರ ಅಡಿಗೆ ಎಷ್ಟಾಗುತ್ತದೆ?’ ಎಂಬುದು. ಉತ್ತರವೂ ಅದೇ ಅಳತೆಯಲ್ಲಿ ಬರುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಖರ್ಚು ಮೊದಲಿನ ಅಂದಾಜನ್ನು ದಾಟಿರುತ್ತದೆ. ಮನೆಯವರು ಮೇಸ್ತ್ರಿಯನ್ನು ದೂರುತ್ತಾರೆ, ಮೇಸ್ತ್ರಿ ಮರದ ಬೆಲೆಯನ್ನು ದೂರುತ್ತಾನೆ. ಈ ಅಂತರಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಯಾರ ಮೋಸವೂ ಕಾರಣವಲ್ಲ, ಅಳತೆಗೋಲೇ ಕಾರಣ. ಮಾಡಿನ ವೆಚ್ಚವನ್ನು ನಿರ್ಧರಿಸುವ ಸಂಗತಿಗಳಲ್ಲಿ ನೆಲದ ವಿಸ್ತೀರ್ಣಕ್ಕೆ ಇರುವ ಪಾತ್ರ ಸಣ್ಣದು. ಕಣ್ಣಿಗೆ ಕಾಣುವ ಹಂಚಿಗಿಂತ ಅದರ ಕೆಳಗೆ ಅಡಗಿರುವ ಮರ, ಮಾಡಿನ ಆಕಾರ, ಹೊಂದುವ ಬಿಡಿ ಹಂಚುಗಳ ಲಭ್ಯತೆ ಮತ್ತು ದುರಸ್ತಿಯನ್ನು ಎಷ್ಟು ವರ್ಷ ಮುಂದೂಡಲಾಗಿದೆ ಎಂಬುದು ಹೆಚ್ಚು ತೂಗುತ್ತವೆ. ಇವುಗಳಲ್ಲಿ ಕೊನೆಯದೇ ಮುಖ್ಯವಾದದ್ದು ಎಂಬುದು ಈ ಲೇಖನದ ವಾದ.

ಮೊದಲು ಅಳತೆಯ ವಿಚಾರ. 30 ಅಡಿ ಅಗಲ, 40 ಅಡಿ ಉದ್ದದ, ಎರಡು ಇಳಿಜಾರಿನ ಒಂದು ಸರಳ ಮನೆಯನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಮನೆಯವರ ಲೆಕ್ಕದಲ್ಲಿ ಅದು 1,200 ಚದರ ಅಡಿ. ಆದರೆ ನಮ್ಮ ಮಳೆಗೆ ಗೋಡೆ ನೆನೆಯದಿರಬೇಕಾದರೆ ಸೂರು ಸುತ್ತಲೂ ಕನಿಷ್ಠ ಎರಡೂವರೆ ಅಡಿಯಾದರೂ ಹೊರಚಾಚಬೇಕು. ಆಗ ಮಾಡಿನ ನೆರಳೇ 35 ಅಡಿಗೆ 45 ಅಡಿ, ಅಂದರೆ 1,575 ಚದರ ಅಡಿ ಆಗುತ್ತದೆ. ಇಳಿಜಾರು 30 ಡಿಗ್ರಿ ಇದ್ದರೆ ಮಾಡಿನ ನಿಜವಾದ ಮೈ ಸುಮಾರು 1,820 ಚದರ ಅಡಿ. 45 ಡಿಗ್ರಿ ಇದ್ದರೆ ಸುಮಾರು 2,230. ಅಂದರೆ ಸಾಧಾರಣ ಇಳಿಜಾರಿನಲ್ಲೇ ಮಾಡು ಮನೆಗಿಂತ ಅರ್ಧದಷ್ಟು ದೊಡ್ಡದು. ವಾರ್ಷಿಕ ಮಳೆ 7,000 ಮಿಲಿಮೀಟರ್ ದಾಟುವ ಆಗುಂಬೆಯಂಥ ಕಡೆ ಕಡಿದಾದ ಇಳಿಜಾರು ಅನಿವಾರ್ಯ, ಆದ್ದರಿಂದ ಅಲ್ಲಿ ಈ ಅಂತರ ಇನ್ನೂ ಹಿರಿದು. ಮೇಸ್ತ್ರಿ ಮಾಡಿನ ಮೈಯನ್ನೂ ಮನೆಯವರು ನೆಲವನ್ನೂ ಅಳೆಯುತ್ತಿದ್ದಾರೆ ಎಂಬುದನ್ನು ಮೊದಲ ದಿನವೇ ಮಾತಾಡಿಕೊಂಡರೆ ಜಗಳದ ಅರ್ಧ ಮುಗಿಯುತ್ತದೆ.

ಇದೇ ಮಾದರಿ ಮನೆಗೆ 30 ಡಿಗ್ರಿ ಇಳಿಜಾರಿನಲ್ಲಿ ಎಷ್ಟು ಹಂಚು ಬೇಕು? ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಕೂರುತ್ತದೆ. ಮಾಡಿನ ಮೈ 169 ಚದರ ಮೀಟರ್ ಆದ್ದರಿಂದ ಸುಮಾರು 2,535 ಹಂಚು. ಒಂದರ ತೂಕ ಎರಡರಿಂದ ಮೂರು ಕಿಲೋ. ಎರಡೂವರೆ ಎಂದಿಟ್ಟುಕೊಂಡರೂ ಮಾಡಿನ ಮೇಲೆ ಆರು ಟನ್ನಿಗೂ ಮೀರಿದ ಭಾರ. ಹಂಚು ನೀರು ಕುಡಿಯುವ ವಸ್ತು. ಒಣಗಿದ ತನ್ನ ತೂಕದ ಶೇ. 15ರಷ್ಟು ನೀರು ಹೀರಿತೆಂದರೆ ಜುಲೈ ತಿಂಗಳ ಒಂದು ರಾತ್ರಿ ಆ ಮಾಡು ಇನ್ನೂ ಒಂದು ಟನ್ನಿನಷ್ಟು ಹೆಚ್ಚು ಹೊರುತ್ತಿರುತ್ತದೆ. ಇಷ್ಟನ್ನೂ ಹೊರುವುದು ಮರ. ವೆಚ್ಚದ ದೊಡ್ಡ ಪಾಲು ಇರುವುದೂ ಅಲ್ಲೇ.

ಮರದ ಲೆಕ್ಕ ಹೀಗೆ. ನೆತ್ತಿಯಿಂದ ಸೂರಿಗೆ ಇಳಿಯುವ ಪಕ್ಕಾಸನ್ನು ಎರಡು ಅಡಿಗೊಂದರಂತೆ ಇಟ್ಟರೆ ಒಂದೊಂದು ಬದಿಗೆ 24, ಒಟ್ಟು 48. ಒಂದೊಂದರ ಉದ್ದ ಇಪ್ಪತ್ತು ಅಡಿಗೂ ತುಸು ಹೆಚ್ಚು. ನಾಲ್ಕು ಇಂಚಿಗೆ ಎರಡು ಇಂಚಿನ ಪಕ್ಕಾಸಾದರೆ ಇವಿಷ್ಟಕ್ಕೇ ಸುಮಾರು 54 ಘನ ಅಡಿ ಮರ ಬೇಕು. ಹಂಚು ಕೂರುವ ರೀಪುಗಳ ನಡುವಿನ ಅಂತರ ಸುಮಾರು 32 ಸೆಂಟಿಮೀಟರ್. ಸಾಲು ಸಾಲಾಗಿ ಹೊಡೆಯುತ್ತ ಹೋದರೆ ಈ ಸಣ್ಣ ಮನೆಗೇ 1,700 ಅಡಿಗೂ ಮಿಕ್ಕಿದ ರೀಪು, ಅಂದರೆ ಮತ್ತೆ 24 ಘನ ಅಡಿ. ನೆತ್ತಿಯ ತೊಲೆ, ಗೋಡೆಯ ಮೇಲಿನ ಅಡ್ಡಮರ, ಕಂಬಗಳು ಈ ಲೆಕ್ಕದಿಂದ ಹೊರಗಿವೆ. ಹಲಸು, ಹೆಬ್ಬಲಸು, ಮತ್ತಿ, ಕಿರಾಲುಬೋಗಿಯಂಥ ಜಾತಿಗಳಲ್ಲಿ ಯಾವುದು ಸಿಗುತ್ತದೆ, ಸ್ವಂತ ಜಾಗದಲ್ಲಿ ಮರವಿದೆಯೇ, ಕೊಯ್ದ ಮರ ಎಷ್ಟು ಕಾಲ ಒಣಗಿದೆ ಎಂಬುದರ ಮೇಲೆ ಈ ಘನ ಅಡಿಗಳ ಬೆಲೆ ಏರಿಳಿಯುತ್ತದೆ. ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ಅನುಮತಿ ಬೇಕು. ಅರ್ಜಿ, ಪರಿಶೀಲನೆ, ಕಟಾವು, ಗರಗಸದ ಮಿಲ್ಲು, ಒಣಗಿಸುವುದು ಎಲ್ಲ ಸೇರಿದರೆ ಮಾರ್ಚಿಯಲ್ಲಿ ಯೋಚನೆ ಮಾಡಿದವನಿಗೆ ಮೇ ತಿಂಗಳಲ್ಲಿ ಮರ ಸಿದ್ಧವಿರುವುದಿಲ್ಲ. ಅವನು ಪೇಟೆಯಲ್ಲಿ ಸಿಕ್ಕಿದ್ದನ್ನು ಸಿಕ್ಕಿದ ಬೆಲೆಗೆ ತರುತ್ತಾನೆ. ಹಸಿ ಮರ ತಂದರೆ ಎರಡನೆಯ ಮಳೆಗಾಲದೊಳಗೆ ರೀಪು ಬಾಗುತ್ತದೆ.

ರೀಪು ಬಾಗುವುದು ಸಣ್ಣ ಸಂಗತಿ ಎಂದು ತೋರಬಹುದು. ಅದು ಯಾಕೆ ಸಣ್ಣದಲ್ಲ ಎಂದು ತಿಳಿಯಲು ಮಂಗಳೂರು ಹಂಚಿನ ರಚನೆಯನ್ನು ನೋಡಬೇಕು.

ಈ ಹಂಚಿನ ಮೂಲ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿದೆ. ಅಲ್ಲಿನ ಜಿಲಾರ್ಡೋನಿ ಸೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಹಕ್ಕು ಪಡೆದಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಹುಟ್ಟಿತು, ಮುಂದೆ ಇನ್ನೂ ಅನೇಕ. (ಹಳೆಯ ಹಂಚಿನ ಬೆನ್ನ ಮೇಲೆ ಕಾಣುವ 1865, 1868 ಎಂಬ ಇಸವಿಗಳು ಕಾರ್ಖಾನೆ ಸ್ಥಾಪನೆಯವು. ಅವನ್ನು ನೋಡಿ ಹಂಚಿನ ವಯಸ್ಸು ಹೇಳಲಾಗದು.) ಅದಕ್ಕೆ ಮುಂಚೆ ಉಳ್ಳವರ ಮನೆಗೆ ಕುಂಬಾರರ ನಾಡಹಂಚು, ಉಳಿದವರಿಗೆ ಮುಳಿಹುಲ್ಲು ಇಲ್ಲವೆ ಅಡಕೆ ಸೋಗೆ. ಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊದಿಸಬೇಕಿತ್ತು. ಅದರ ಬೆಲೆಯನ್ನು ನೆರೆಯವರ ದುಡಿಮೆ ಮತ್ತು ಆ ದಿನದ ಊಟದಲ್ಲಿ ತೀರಿಸಲಾಗುತ್ತಿತ್ತು. ನಾಡಹಂಚಿನ ಮಾಡಿಗೆ ವರ್ಷಕ್ಕೊಮ್ಮೆ ‘ಕೈಯಾಡಿಸುವ’ ಕೆಲಸ ತಪ್ಪುತ್ತಿರಲಿಲ್ಲ. ಜಾರಿದ ಹಂಚನ್ನು ಎತ್ತಿ, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದೇ ಕೈಯಾಡಿಸುವುದು. ಮಂಗಳೂರು ಹಂಚು ತಂದ ದೊಡ್ಡ ಬದಲಾವಣೆ ಇಲ್ಲೇ ಇದೆ. ಅಂಚಿನ ಕಚ್ಚು ಸರಿಯಾಗಿ ಕೂತರೆ ಕಡಿಮೆ ಹಂಚು, ಕಡಿಮೆ ಭಾರ, ಕಡಿಮೆ ಸೋರಿಕೆ. ಒಡೆದರೆ ಒಂದೇ ಒಂದನ್ನು ಕೆಳಗಿನಿಂದಲೇ ಎತ್ತಿ ಬದಲಿಸಬಹುದು.

ಆದರೆ ಈ ಅನುಕೂಲಕ್ಕೆ ಎರಡು ಷರತ್ತುಗಳಿವೆ. ಒಂದು, ರೀಪು ನೇರವಾಗಿರಬೇಕು. ಅರ್ಧ ಇಂಚು ಬಾಗಿದರೆ ಕಚ್ಚು ಬಾಯಿ ಬಿಡುತ್ತದೆ. ಗಾಳಿಯೊಡನೆ ಬರುವ ಓರೆ ಮಳೆ ಅಲ್ಲಿಂದ ಒಳಗಿಳಿಯುತ್ತದೆ. ನೀರು ಕೋಣೆಯೊಳಗೆ ತೊಟ್ಟಿಕ್ಕಿದರೆ ಮನೆಯವರು ಎಚ್ಚರವಾಗುತ್ತಾರೆ. ಹೆಚ್ಚು ಹಾನಿ ಮಾಡುವುದು ತೊಟ್ಟಿಕ್ಕದ ನೀರು: ಪಕ್ಕಾಸಿನ ಮೈಗುಂಟ ಸದ್ದಿಲ್ಲದೆ ಹರಿದು ಗೋಡೆಯ ಮೇಲಿನ ಅಡ್ಡಮರಕ್ಕೆ ತಲುಪುವಂಥದ್ದು. ಮರ ಮೆತ್ತಗಾಗುತ್ತದೆ, ಗೆದ್ದಲು ಗೋಡೆಯ ಮಣ್ಣಿನ ದಾರಿಯಲ್ಲಿ ಮೇಲೇರುತ್ತದೆ. ಮುಚ್ಚಿಗೆ ಇರುವ ಮನೆಯಲ್ಲಿ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ಕೆಲವು ರೀಪು ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಪಕ್ಕಾಸಿಗೆ, ಪಕ್ಕಾಸಿನದು ಅಡ್ಡಮರಕ್ಕೆ, ಅಡ್ಡಮರದ್ದು ಗೋಡೆಯ ತಲೆಗೆ ಬೆಳೆಯುತ್ತದೆ. ಒಂದೊಂದು ಹಂತ ದಾಟಿದಾಗಲೂ ಕೆಲಸದ ಸ್ವರೂಪವೇ ಬದಲಾಗುತ್ತದೆ. ರೀಪು ಬದಲಿಸಲು ಒಂದು ಸಾಲಿನ ಹಂಚು ತೆಗೆದರೆ ಸಾಕು. ಅಡ್ಡಮರ ಬದಲಿಸಲು ಇಡೀ ಬದಿಯನ್ನು ಬಿಚ್ಚಬೇಕು. ಮಾಡು ಬಿಚ್ಚುವ ಮುನ್ನ ಯಾವ ಮೇಸ್ತ್ರಿಯೂ ಖಚಿತ ಅಂದಾಜು ಕೊಡಲಾರ ಎಂಬುದಕ್ಕೆ ಇದೇ ಕಾರಣ. ಸೂರಿನ ತುದಿ, ಗೋಡೆಗೆ ಕೂತ ಜಾಗ, ಮಾಡಿನ ಎರಡು ಇಳಿಜಾರು ಒಳಮುಖವಾಗಿ ಕೂಡುವ ಮೂಲೆ ಇವುಗಳಲ್ಲಿ ಒಂದೆರಡು ಕಡೆ ಹಂಚು ತೆಗೆಸಿ ಉಳಿಯಿಂದ ಚುಚ್ಚಿ ನೋಡಿದರೆ ಮಾತ್ರ ಅಂದಾಜಿಗೆ ಅರ್ಥ ಬರುತ್ತದೆ. ನಡುವೆ ಅಂಗಳವಿರುವ ಚೌಕಿ ಮನೆಗಳಲ್ಲಿ ಇಂಥ ಒಳಮೂಲೆಗಳು ನಾಲ್ಕು. ಎರಡು ಬದಿಯ ನೀರೂ ಸೇರುವುದು ಅಲ್ಲಿಯೇ, ಹಂಚು ಓರೆಯಾಗಿ ಕತ್ತರಿಸಬೇಕಾದ್ದೂ ಅಲ್ಲಿಯೇ, ನುರಿತ ಕೈ ಬೇಕಾದ್ದೂ ಅಲ್ಲಿಯೇ. ಒಂದೇ ವಿಸ್ತೀರ್ಣದ ಎರಡು ಮಾಡುಗಳಲ್ಲಿ ಚೌಕಿ ಮನೆಯದಕ್ಕೆ ಹೆಚ್ಚು ಆಳು, ಹೆಚ್ಚು ದಿನ ತಗಲುವುದು ಸಹಜ.

ಎರಡನೆಯ ಷರತ್ತು, ಅದೇ ಅಚ್ಚಿನ ಬಿಡಿ ಹಂಚು ಸಿಗುತ್ತಿರಬೇಕು. ಮಂಗಳೂರು ಮಾದರಿಯ ಹಂಚಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 654ರಲ್ಲೇ ಮೂರು ಅಳತೆಗಳಿವೆ: 410ಕ್ಕೆ 235, 420ಕ್ಕೆ 250, 425ಕ್ಕೆ 260 ಮಿಲಿಮೀಟರ್. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚಿನ ಕಚ್ಚೂ ತುಸು ಬೇರೆ. ಒಂದರ ಹಂಚಿನ ಪಕ್ಕದಲ್ಲಿ ಇನ್ನೊಂದರದು ಕೂರುವುದಿಲ್ಲ, ಕೂತರೂ ಸೋರುತ್ತದೆ. ಆವೆಮಣ್ಣು, ಸೌದೆ, ಕೂಲಿ ಮೂರೂ ದುಬಾರಿಯಾಗಿ ಕರಾವಳಿಯ ಎಷ್ಟೋ ಹಂಚಿನ ಕಾರ್ಖಾನೆಗಳು ಮುಚ್ಚಿದವು. ಒಂದು ಕಾರ್ಖಾನೆ ಮುಚ್ಚಿದಾಗ ಅದರ ಹಂಚು ಹೊದ್ದ ಸಾವಿರಾರು ಮನೆಗಳ ದುರಸ್ತಿಯ ದಾರಿಯೂ ಮುಚ್ಚುತ್ತದೆ. ಉದ್ಯಮದ ಇತಿಹಾಸ ಬರೆದವರು ಈ ನಷ್ಟಕ್ಕೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲವೆಂದು ನನಗೆ ತೋರುತ್ತದೆ. ಮರದಿಂದ ತೆಂಗಿನಕಾಯಿ ಬಿದ್ದೋ ಮಂಗಗಳ ಓಡಾಟಕ್ಕೋ ಇನ್ನೂರು ಹಂಚು ಒಡೆದರೆ, ಇಡೀ ಮಾಡಿನ ಹಂಚು ಬದಲಿಸುವ ಪ್ರಶ್ನೆ ಏಳುತ್ತದೆ.

ಇದಕ್ಕೆ ಮೇಸ್ತ್ರಿಗಳು ಕಂಡುಕೊಂಡ ಉಪಾಯ ಮೆಚ್ಚುವಂಥದ್ದು. ಎರಡೂ ಬದಿಯ ಗಟ್ಟಿ ಹಂಚುಗಳನ್ನು ಆರಿಸಿ ಒಂದೇ ಬದಿಗೆ ಹೊದಿಸುತ್ತಾರೆ, ಇನ್ನೊಂದು ಬದಿಗೆ ಪೂರ್ತಿ ಹೊಸ ಅಚ್ಚಿನ ಹಂಚು ಹಾಕುತ್ತಾರೆ. ಎರಡು ಅಚ್ಚುಗಳು ಸಂಧಿಸುವುದು ನೆತ್ತಿಯಲ್ಲಿ ಮಾತ್ರ. ಅಲ್ಲಿ ನೆತ್ತಿಯ ಹಂಚು ಎರಡನ್ನೂ ಮುಚ್ಚುತ್ತದೆ. ಹಂಚಿನ ಖರ್ಚು ಅರ್ಧಕ್ಕಿಳಿಯುತ್ತದೆ. ಇದು ಸಾಧ್ಯವಾಗಬೇಕಾದರೆ ಹಳೆಯ ಹಂಚನ್ನು ಎಸೆಯದೆ ಕೈಯಿಂದ ಕೈಗೆ ಇಳಿಸಬೇಕು, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಬೇಕು. ಖಣ್ ಎಂದರೆ ಉಳಿಸಿಕೊಳ್ಳುವುದು, ಮಂದವಾಗಿ ಸದ್ದಾದರೆ ಬಿರುಕು. ಇಳಿಸುವ ಕೂಲಿ ಹೆಚ್ಚಾಗುತ್ತದೆ ನಿಜ. ಆದರೆ ಗುತ್ತಿಗೆಯನ್ನು ‘ಬಿಚ್ಚಿ ಹಾಕುವುದು ಸೇರಿ ಇಷ್ಟು’ ಎಂದು ಒಟ್ಟಾಗಿ ಕೊಟ್ಟರೆ, ಹಂಚು ಉಳಿಸುವುದರಲ್ಲಿ ಗುತ್ತಿಗೆದಾರನಿಗೆ ಯಾವ ಲಾಭವೂ ಇರುವುದಿಲ್ಲ. ಬಿಚ್ಚುವ ಕೂಲಿಯನ್ನು ಬೇರೆಯಾಗಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕಾಲದ ಬೆಲೆಯೂ ಇದೆ. ಮುಂಗಾರು ಜೂನ್ ಮೊದಲ ವಾರ ಕರಾವಳಿಗೆ ಬರುತ್ತದೆ. ಅಡಕೆ ಕೊಯ್ಲು ಮುಗಿಸಿ, ಕೈಗೆ ಹಣ ಬಂದು, ಮದುವೆ ಮುಂಜಿಗಳ ನಡುವೆ ಬಿಡುವಾಗುವ ಏಪ್ರಿಲ್ ಮೇ ತಿಂಗಳಲ್ಲೇ ಎಲ್ಲರಿಗೂ ಮಾಡಿನ ನೆನಪಾಗುತ್ತದೆ. ಹಂಚಿನ ಕೆಲಸ ಬಲ್ಲ ಆಚಾರಿಗಳು ಕಡಿಮೆಯಾಗಿರುವ ಈ ದಿನಗಳಲ್ಲಿ ಆ ಎರಡು ತಿಂಗಳ ಕೂಲಿ ಏರುವುದು ಸಹಜ. ಮಾಡು ಬಿಚ್ಚಿದ ಮೇಲೆ ಕೆಲಸ ನಿಂತು ಮೊದಲ ಮಳೆ ಹೊಡೆದರೆ ಮಣ್ಣಿನ ಗೋಡೆ, ಮುಚ್ಚಿಗೆಯ ಹಲಗೆ, ಸಾಮಾನು ಎಲ್ಲ ನೆನೆದು ಹೊಸ ಖರ್ಚು ಹುಟ್ಟುತ್ತದೆ. ಜನವರಿಯಲ್ಲೇ ಶುರುಮಾಡಿದವರಿಗೆ ಈ ಹೊರೆ ಇಲ್ಲ.

ಹಾಗಾದರೆ ಶೀಟು ಹಾಕಿದರೇನು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕೈದು ಕಿಲೋ ತೂಗಿದರೆ ಹಂಚು 37 ಕಿಲೋ ತೂಗುತ್ತದೆ. ಭಾರ ಇಳಿದರೆ ಮರವೂ ಇಳಿಯುತ್ತದೆ, ರೀಪುಗಳ ಸಾಲು ಬೇಕಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಭಾರವೇ ಹಂಚಿನ ಲಂಗರು. ಕಟ್ಟಡಗಳ ಗಾಳಿ ಲೆಕ್ಕಕ್ಕೆ ಮಂಗಳೂರಿಗೆ ಗೊತ್ತುಮಾಡಿದ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಅಂಥ ಗಾಳಿಯ ಒತ್ತಡ ಚದರ ಮೀಟರಿಗೆ 90 ಕಿಲೋಗೂ ಹೆಚ್ಚು. ಅದರ ಒಂದು ಪಾಲು ಮೇಲೆತ್ತುವ ಬಲವಾಗಿ ಬಂದರೂ ಹಂಚು ಬಹುಮಟ್ಟಿಗೆ ತನ್ನ ತೂಕದಿಂದಲೇ ಎದುರಿಸುತ್ತದೆ. ತೀರಾ ಬಿರುಸಾದರೆ ಸೂರಿನ ನಾಲ್ಕಾರು ಹಂಚು ಹಾರಬಹುದು. ಶೀಟು ಎದುರಿಸುವುದು ಬೋಲ್ಟುಗಳಿಂದ. ಆ ಬೋಲ್ಟು ಹಿಡಿದ ಉಕ್ಕಿನ ಚೌಕಟ್ಟನ್ನು ಗೋಡೆಗೆ, ಗೋಡೆಯನ್ನು ಪಾಯಕ್ಕೆ ಬಿಗಿಯಬೇಕು. ಹಳೆಯ ಮಣ್ಣಿನ ಅಥವಾ ಮುರಕಲ್ಲಿನ ಗೋಡೆಯಲ್ಲಿ ಹಾಗೆ ಬಿಗಿಯಲು ಆಸರೆಯೇ ಇರುವುದಿಲ್ಲವಾದ್ದರಿಂದ ಗೋಡೆಯ ತಲೆಗೆ ಕಾಂಕ್ರೀಟಿನ ಪಟ್ಟಿ ಹಾಕಬೇಕಾಗುತ್ತದೆ. ಕಡಿಮೆ ದರ ಹೇಳುವ ಅಂದಾಜುಗಳಲ್ಲಿ ಈ ಪಟ್ಟಿ ಇರುವುದಿಲ್ಲ. ಸಮುದ್ರದ ಉಪ್ಪುಗಾಳಿ ತಾಗುವ ಕಡೆ ತುಕ್ಕಿನ ಲೆಕ್ಕವನ್ನೂ, ಬೇಸಗೆಯ ಮಧ್ಯಾಹ್ನ ಶೀಟಿನ ಕೆಳಗೆ ಮಲಗಲಾಗದೆ ಹಾಕಿಸುವ ಸೀಲಿಂಗಿನ ಖರ್ಚನ್ನೂ ಸೇರಿಸಬೇಕು. ತೆಗೆಯಬೇಕಾದದ್ದು ಕಲ್ನಾರಿನ ಶೀಟಾಗಿದ್ದರೆ ಒಡೆದು ಬೀಳಿಸುವುದು ಸರ್ವಥಾ ಸಲ್ಲ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ನೀರು ಹಾಕಿ ನೆನೆಸಿ ಇಡಿಯಾಗಿ ಇಳಿಸಬೇಕು.

ಇಷ್ಟು ಹೇಳಿದ ಮೇಲೆ ಸಾರ್ವಜನಿಕ ಪರಿಹಾರದ ಮಾತನ್ನು ಎತ್ತದಿರಲಾಗದು. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಹಾನಿ ಕನಿಷ್ಠ ಶೇ. 15 ಇದ್ದರೆ. ಕರ್ನಾಟಕ ಸರ್ಕಾರ ಕೆಲವು ವರ್ಷ ಇದಕ್ಕೆ ತನ್ನ ಪಾಲನ್ನು ಸೇರಿಸಿ ಹೆಚ್ಚು ಕೊಟ್ಟದ್ದೂ ಇದೆ. ತೊಂದರೆ ಮೊತ್ತದಲ್ಲಿ ಮಾತ್ರವಲ್ಲ, ಶೇ. 15ರ ಗೆರೆಯಲ್ಲೂ ಇದೆ. ಗಾಳಿಗೆ ನೆತ್ತಿಯ ಒಂದು ಸಾಲು ಹಂಚು ಹಾರಿದ ಮನೆಯಲ್ಲಿ ಹಾನಿ ಶೇ. 5 ಕೂಡ ದಾಟಿರುವುದಿಲ್ಲ, ಹೀಗಾಗಿ ಪರಿಹಾರವಿಲ್ಲ. ಆದರೆ ಆ ಬಾಯಿಂದ ಇಳಿದ ಒಂದು ಮಳೆಗಾಲದ ನೀರು ಪಕ್ಕಾಸನ್ನೂ ಅಡ್ಡಮರವನ್ನೂ ತಿನ್ನುತ್ತದೆ. ಮರುವರ್ಷ ಮಾಡು ಕುಸಿದಾಗ ಅದೇ ನಿಧಿ ‘ಪೂರ್ತಿ ಹಾನಿ’ ಎಂಬ ತಲೆಬರಹದಲ್ಲಿ ಬಯಲುಸೀಮೆಯಲ್ಲಾದರೆ 1,20,000, ಗುಡ್ಡಗಾಡಿನಲ್ಲಾದರೆ 1,30,000 ರೂಪಾಯಿ ಕೊಡಬೇಕಾಗುತ್ತದೆ. ಹಂಚಿನ ಮನೆಗಳ ಮಟ್ಟಿಗಾದರೂ ಹಾನಿಯನ್ನು ಶೇಕಡಾವಾರು ಅಳೆಯುವ ಬದಲು, ಮಾಡಿನೊಳಗೆ ನೀರು ಇಳಿಯುತ್ತಿದೆಯೇ, ಇಳಿದ ನೀರು ಯಾವ ಮರದವರೆಗೆ ತಲುಪಿದೆ ಎಂದು ಸ್ಥಳದಲ್ಲೇ ನೋಡಿ ಬರೆಯುವ ಪದ್ಧತಿ ಬರಬೇಕು. ಗ್ರಾಮ ಆಡಳಿತಾಧಿಕಾರಿಯ ಜತೆ ಊರಿನ ಒಬ್ಬ ಅನುಭವಿ ಆಚಾರಿಯನ್ನು ಕಳಿಸಿದರೆ ಈ ಪರಿಶೀಲನೆಗೆ ಮನೆಯೊಂದಕ್ಕೆ ಅರ್ಧ ಗಂಟೆ ಸಾಕು. ಅಗತ್ಯವಿರುವ ಇಪ್ಪತ್ತೋ ಮೂವತ್ತೋ ಹಂಚನ್ನು ಪಂಚಾಯಿತಿಯ ದಾಸ್ತಾನಿನಿಂದಲೇ ಮಳೆಗಾಲದ ನಡುವೆ ಕೊಡುವಂತಾಗಬೇಕು. ಅದಕ್ಕಾಗಿ ಕೆಡವಿದ ಹಳೆಯ ಮನೆಗಳ ಗಟ್ಟಿ ಹಂಚನ್ನು ಅಚ್ಚಿನ ಗುರುತಿನ ಪ್ರಕಾರ ವಿಂಗಡಿಸಿ ಕೂಡಿಡುವ ಕೆಲಸವನ್ನು ತಾಲ್ಲೂಕಿಗೊಂದು ಕಡೆಯಲ್ಲಾದರೂ ಆರಂಭಿಸಬಹುದು.