ಅಗ್ನಿ ನಕ್ಷತ್ರದಲ್ಲಿ ಕಾಶಿಗೆ ಹೊರಟ ದುಭಾಷಿ

1830ರ ಮೇ 18, ಮಂಗಳವಾರ. ರಾತ್ರಿ ಒಂಬತ್ತು ಗಂಟೆಗೆ ಏನುಗುಲ ವೀರಾಸ್ವಾಮಯ್ಯ ಚೆನ್ನಪಟ್ಟಣ ಬಿಟ್ಟು ಕಾಶಿಗೆ ಹೊರಟರು. ಆ ರಾತ್ರಿ ಅವರು ತಲುಪಿದ್ದು ಊರಿನ ಉತ್ತರ ಅಂಚಿನ ತಂಡಯಾರುವೇಡಿನಲ್ಲಿದ್ದ ತಮ್ಮದೇ ತೋಟಕ್ಕೆ. ಕೆಲವು ದಿನ ಅಲ್ಲಿಯೇ ಇದ್ದು, ಆಮೇಲೆ ಮಾಧವರದ ದಾರಿ ಹಿಡಿದರು. ಮುಹೂರ್ತಕ್ಕೆ ಮನೆಯ ಹೊಸಿಲು ದಾಟಿ, ಹತ್ತಿರದಲ್ಲೇ ತಂಗಿ, ಉಳಿದ ಸಿದ್ಧತೆ ಮುಗಿಸಿಕೊಂಡು ಮುಂದೆ ಸಾಗುವುದು ಹಳೆಯ ರೂಢಿ. ಇದರಲ್ಲಿ ಶಾಸ್ತ್ರವೂ ಇದೆ, ಜಾಣತನವೂ ಇದೆ. ಮರೆತದ್ದೇನು ಎಂಬುದು ಮನೆಯಿಂದ ಹೊರಗೆ ಬಂದ ಮೇಲೇ ಗೊತ್ತಾಗುವುದು.

ಹೊರಟ ಕಾಲ ಮಾತ್ರ ಭಯಂಕರ. ಮೇ ತಿಂಗಳ ಈ ದಿನಗಳನ್ನು ತಮಿಳರು ಅಗ್ನಿ ನಕ್ಷತ್ರ ಎನ್ನುತ್ತಾರೆ. ಆಡುಮಾತಿನಲ್ಲಿ ‘ಕತ್ತಿರಿ ವೆಯಿಲ್’. ಸೂರ್ಯ ಭರಣಿಯ ಕೊನೆಯ ಭಾಗದಿಂದ ಕೃತ್ತಿಕೆಯನ್ನು ಹಾದು ರೋಹಿಣಿಯ ಮೊದಲ ಪಾದ ದಾಟುವ ಮೂರೂವರೆ ವಾರ ಅದು. ಕೃತ್ತಿಕೆಯ ಅಧಿದೇವತೆ ಅಗ್ನಿ. ಇದೇ ದಿನಗಳನ್ನು ನಮ್ಮ ರೈತರು ಏನೆಂದು ಕರೆಯುತ್ತಾರೆ ನೋಡಿ: ಭರಣಿ ಮಳೆ, ಕೃತ್ತಿಕೆ ಮಳೆ, ರೋಹಿಣಿ ಮಳೆ. ಅದೇ ಆಕಾಶ, ಅದೇ ನಕ್ಷತ್ರ. ಘಟ್ಟದ ಮೇಲೆ ಅದು ಬಿತ್ತನೆಯ ಲೆಕ್ಕ, ಕೋರಮಂಡಲದ ಕರಾವಳಿಯಲ್ಲಿ ಬೆಂಕಿಯ ಲೆಕ್ಕ. 2003ರ ಮೇ ಕೊನೆಯಲ್ಲಿ ಚೆನ್ನೈನ ತಾಪಮಾನ 45 ಡಿಗ್ರಿ ಮುಟ್ಟಿತ್ತು. ಮಧ್ಯಾಹ್ನ ಕಡಲ ಗಾಳಿ ಬೀಸಿದರೆ ಊರಿಗೆ ಜೀವ ಬರುತ್ತದೆ. ಒಳನಾಡಿಗೆ ಹೋದಷ್ಟೂ ಆ ಗಾಳಿ ತಡವಾಗುತ್ತದೆ, ಸೊರಗುತ್ತದೆ.

ಹಾಗಿದ್ದರೆ ಚಳಿಗಾಲದವರೆಗೆ ಕಾಯಬಹುದಿತ್ತಲ್ಲ? ಕಾದರೂ ಬೇಸಿಗೆ ತಪ್ಪುತ್ತಿರಲಿಲ್ಲ. ವೀರಾಸ್ವಾಮಯ್ಯ ಮರಳಿ ಬಂದದ್ದು 1831ರ ಸೆಪ್ಟೆಂಬರ್ 3ರಂದು. ಅಂದರೆ ಹದಿನೈದು ತಿಂಗಳು, ಹದಿನೈದು ದಿನ. ಇಷ್ಟು ಉದ್ದದ ಯಾತ್ರೆಗೆ ಬೇಸಿಗೆಯನ್ನು ಪೂರ್ತಿ ತಪ್ಪಿಸುವ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ. ಒಂದೋ ಹೊರಡುವಾಗ ಎದುರಾಗುತ್ತದೆ, ಇಲ್ಲವೇ ನಡುದಾರಿಯಲ್ಲಿ. ಅವರಿಗೆ ಎರಡೂ ಎದುರಾದವು.

ವೀರಾಸ್ವಾಮಯ್ಯ ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ದುಭಾಷಿ. ದ್ವಿಭಾಷಿ ಎಂಬ ಪದವೇ ಸವೆದು ದುಭಾಷಿಯಾಯಿತು. ಆ ಕಾಲದ ಮದರಾಸು ಅಂಥವರ ಮೇಲೆಯೇ ನಡೆಯುತ್ತಿತ್ತು. 1812ರಲ್ಲಿ ಶುರುವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕಂಪನಿಯ ಎಳೆಯ ಅಧಿಕಾರಿಗಳು ತಮಿಳು, ತೆಲುಗು, ಕನ್ನಡ ಕಲಿಯುತ್ತಿದ್ದರು. ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಇದೇ ಊರಿನಲ್ಲಿ ಅಚ್ಚಾದವು. ಇನ್ನೊಬ್ಬರ ಮಾತನ್ನು ಕೂಡಿಸದೆ ಕಳೆಯದೆ ದಾಟಿಸುವುದು ಕೋರ್ಟಿನ ದುಭಾಷಿಯ ಕಸುಬು. ಆ ಅಭ್ಯಾಸ ಅವರ ಜೊತೆಗೇ ದಾರಿಗಿಳಿಯಿತು.

ದಾರಿಯುದ್ದಕ್ಕೂ ಅವರು ಚೆನ್ನಪಟ್ಟಣದ ಗೆಳೆಯ ಕೋಮಲೇಶ್ವರಪುರದ ಶ್ರೀನಿವಾಸ ಪಿಳ್ಳೆಯವರಿಗೆ ತೆಲುಗಿನಲ್ಲಿ ಬರೆದು ಕಳಿಸಿದರು. ತಿರುಪತಿ, ಅಹೋಬಲ, ಶ್ರೀಶೈಲ, ಹೈದರಾಬಾದು, ನಾಗಪುರ, ಪ್ರಯಾಗ, ಕಾಶಿ, ಗಯಾ, ಕಲ್ಕತ್ತ, ಪುರಿ. ಅಲ್ಲಿಂದ ಕರಾವಳಿ ಹಿಡಿದು ವಾಪಸು. ವೀರಾಸ್ವಾಮಯ್ಯ 1836ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಪಿಳ್ಳೆಯವರು ಆ ಬರಹಗಳನ್ನು ‘ಕಾಶೀಯಾತ್ರಾ ಚರಿತ್ರ’ ಎಂದು ಅಚ್ಚು ಹಾಕಿಸಿದರು. ಪಂಡಿತರ ತೆಲುಗಲ್ಲ ಅದು; ಇಂಗ್ಲಿಷು, ಹಿಂದೂಸ್ತಾನಿ ಪದಗಳು ಸಲೀಸಾಗಿ ಬೆರೆತ ಆಡುಮಾತಿನ ತೆಲುಗು. ಕ್ಷೇತ್ರದ ಮಹಿಮೆಯಷ್ಟೇ ಕಾಳಜಿಯಿಂದ ಊರಿನಲ್ಲಿ ಅಂಗಡಿ ಇದೆಯೇ, ನೀರು ಹೇಗಿದೆ, ಇಳಿದುಕೊಳ್ಳಲು ಜಾಗ ಉಂಟೇ, ದಾರಿ ಕಲ್ಲೋ ಮರಳೋ ಎಂದು ಬರೆಯುತ್ತಾರೆ. ಹಿಂದೆ ಬರುವವರಿಗೆ ಬೇಕಾದದ್ದು ಇದೇ. ಕಾಶಿಗೆ ಹೋದವನೂ ಕಾಟಿಗೆ ಹೋದವನೂ ಒಂದೇ ಎಂಬ ಮಾತು ತೆಲುಗಿನಲ್ಲಿದೆ. ಕಾಟಿ ಎಂದರೆ ಸುಡುಗಾಡು. ಅಂಥ ದಾರಿಯಲ್ಲಿ ಮುಂದಿನ ಬಾವಿ ಎಲ್ಲಿದೆ ಎಂಬ ಸುದ್ದಿಗಿಂತ ದೊಡ್ಡ ಉಪಕಾರವಿಲ್ಲ.

ಅವರ ತೆಲುಗಿನ ‘ಮಜಿಲೀ’ ಎಂಬ ಪದ ಕನ್ನಡದಲ್ಲಿ ‘ಮಜಲು’. ಮೂಲ ಅರಬ್ಬಿಯ ಮಂಜಿಲ್. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಆಗುವ ಒಂದು ದಿನದ ದಾರಿ. ಇವತ್ತು ನಾವು ‘ಕಾದಂಬರಿಯ ಹೊಸ ಮಜಲು’ ಎಂದು ವಿಮರ್ಶೆ ಬರೆಯುತ್ತೇವೆ. ಪದದೊಳಗೆ ಕಾಲು ನೋವಿದೆ ಎಂಬುದು ನೆನಪಿಗೆ ಬರುವುದಿಲ್ಲ.

ಆ ನೋವು ಯಾರದು? ವೀರಾಸ್ವಾಮಯ್ಯ ಪಲ್ಲಕ್ಕಿಯಲ್ಲಿ ಹೋದರು. ಮನೆಯವರು, ಪರಿವಾರ, ಆಳುಗಳು ಸೇರಿ ತಂಡದಲ್ಲಿ ನೂರರಷ್ಟು ಜನ. ಅವರಲ್ಲಿ ಹೆಚ್ಚಿನವರಿಗೆ ಕಾಲೇ ವಾಹನ. ಪಲ್ಲಕ್ಕಿಯ ಬೋಯಿಗಳಿಗೆ, ಕನ್ನಡದಲ್ಲಿ ಬೋವಿ ಎನ್ನುವವರಿಗೆ, ತಮ್ಮ ಮೈಭಾರದ ಜೊತೆಗೆ ಹೆಗಲ ಭಾರ. ಅಗ್ನಿ ನಕ್ಷತ್ರದ ಬಿಸಿಲು ಪಲ್ಲಕ್ಕಿಯ ಒಳಗೆ ಸೆಕೆಯಾದರೆ ಹೊರಗೆ ಅಂಗಾಲಿನ ಬೊಕ್ಕೆ. ಇಡೀ ಯಾತ್ರೆ ಅವರ ಉಸಿರಿನ ಅಳತೆಯಲ್ಲಿ ಸಾಗಿತು. ಒಂದು ಮಜಲು ಎಷ್ಟು ಉದ್ದ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಹೊತ್ತವರ ಕಾಲೇ ಹೊರತು ಕುಳಿತವರ ಭಕ್ತಿಯಲ್ಲ.

ನಡೆದವರಿಗೂ ಕುಳಿತವರಿಗೂ ಇದ್ದ ವ್ಯತ್ಯಾಸ ಕಂಪನಿ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಪ್ರಯಾಗದ ಸಂಗಮದಲ್ಲಿ ಮೀಯಲು ಅದು ಯಾತ್ರಿಕರಿಂದ ತೆರಿಗೆ ವಸೂಲಿ ಮಾಡುತ್ತಿತ್ತು. 1810ರ ನಿಯಮದಂತೆ ಕಾಲ್ನಡಿಗೆಯಲ್ಲಿ ಬಂದವರಿಗೆ 1 ರೂಪಾಯಿ, ಆನೆಯ ಮೇಲೆ ಬಂದವರಿಗೆ 20. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಬಡವನಿಗೆ ಆ ಕಾಲದಲ್ಲಿ ಒಂದು ರೂಪಾಯಿ ಎಂದರೆ ಹಲವು ದಿನಗಳ ಊಟ. ಪ್ರಯಾಗ, ಗಯಾ, ಪುರಿಗಳಲ್ಲಿ ಈ ತೆರಿಗೆ ನಿಂತದ್ದು 1840ರಲ್ಲಿ.

1856ರ ಜುಲೈ 1ರಂದು ದಕ್ಷಿಣದ ಮೊದಲ ಪ್ರಯಾಣಿಕರ ರೈಲು ಹೊರಟ ರಾಯಪುರಂ ನಿಲ್ದಾಣ ತಂಡಯಾರುವೇಡಿಗೆ ನೆರೆಯ ಜಾಗ. ಮುಂದಿನ ದಶಕಗಳಲ್ಲಿ ಹಳಿಗಳು ಕಾಶಿಯ ದಾರಿಯನ್ನು ತಿಂಗಳುಗಳಿಂದ ದಿನಗಳಿಗೆ ಇಳಿಸಿದವು. ತಂಡಯಾರುವೇಡು ಈಗ ತಂಡಿಯಾರ್‌ಪೇಟೆ. 2021ರಿಂದ ಅಲ್ಲಿ ಮೆಟ್ರೋ ನಿಲ್ಲುತ್ತದೆ. ಚೆನ್ನೈ ಮಾತ್ರ ನಡೆಯುವುದನ್ನು ಬಿಟ್ಟಿಲ್ಲ. ಪುರಟಾಸಿಯಲ್ಲಿ ತಿರುಪತಿಯ ಕೊಡೆಗಳ ಜೊತೆ, ಆಗಸ್ಟ್ ಕೊನೆಯಲ್ಲಿ ಕಾವಿ ಉಟ್ಟು ವೇಲಾಂಕಣಿಯ ಕಡೆಗೆ ಜನ ಇವತ್ತಿಗೂ ನಡೆಯುತ್ತಾರೆ. ಅವರು ನಡೆಯುವುದು ತಮ್ಮ ಹರಕೆಗೆ. 1830ರ ಬೋಯಿಗಳು ನಡೆದದ್ದು ಕೂಲಿಗೆ. ಸಂಗಮದಲ್ಲಿ ಅವರೂ ಮುಳುಗಿ ಎದ್ದಿದ್ದರೆ ಆ ಪುಣ್ಯ ಯಾರ ಖಾತೆಗೆ ಸೇರಬೇಕು? ದುಭಾಷಿಯ ಪುಸ್ತಕ ನಮಗೆ ದಾರಿಯ ಒಂದೊಂದು ಬಾವಿಯನ್ನೂ ತೋರಿಸುತ್ತದೆ. ಹೊತ್ತವರ ಮಾತನ್ನು ದಾಟಿಸಲು ಮಾತ್ರ ಆ ದಾರಿಯಲ್ಲಿ ಇನ್ನೊಬ್ಬ ದುಭಾಷಿ ಇರಲಿಲ್ಲ.