ನಂಟಿನ ಬಗೆ ಮತ್ತು ದುಡಿಮೆಯ ತೊಡಗುವಿಕೆ

ತಾಯಿ-ಮಗುವಿನ ನಂಟನ್ನು ಕುರಿತು ಹುಟ್ಟಿದ ಸಿದ್ಧಾಂತವೊಂದು ಕಚೇರಿಯ ಮೇಜಿನವರೆಗೆ ಬಂದಿರುವುದು ಮನಶ್ಶಾಸ್ತ್ರದ ಕುತೂಹಲಕರ ಸಂಗತಿ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1969ರ ಗ್ರಂಥದಲ್ಲಿ ಈ ಬಾಂಧವ್ಯ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದರು. ಅವರೊಡನೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್, ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶಿಶುಗಳನ್ನು ಗಮನಿಸಿ ಮೂರು ಬಗೆಗಳನ್ನು ಗುರುತಿಸಿದರು: ತಾಯಿ ಬಳಿಯಿದ್ದಾಳೆಂಬ ಭರವಸೆಯಿಂದ ಆಟಕ್ಕಿಳಿಯುವ ಮಗು, ತಾಯಿ ಮರಳಿದರೂ ಸಮಾಧಾನಗೊಳ್ಳದ ಮಗು, ಮರಳಿದ ತಾಯಿಗೆ ಮುಖ ತಿರುಗಿಸುವ ಮಗು.

ಮಗುವಿಗೆ ಆಟವಿದ್ದಂತೆ ವಯಸ್ಕರಿಗೆ ದುಡಿಮೆ ಎಂದು 1990ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ವಾದಿಸಿದರು. ಅವರ ಪ್ರಕಾರ ಭರವಸೆಯುಳ್ಳವರು ಕೆಲಸದಲ್ಲಿ ತೃಪ್ತಿ ಕಾಣುತ್ತಾರೆ, ಸೋಲಿಗೆ ಅಷ್ಟಾಗಿ ಅಂಜುವುದಿಲ್ಲ. ಆತಂಕದ ಸ್ವಭಾವದವರಲ್ಲಿ ಮೆಚ್ಚುಗೆ ದೊರೆತೊಡನೆ ಕೈ ಸಡಿಲಿಸುವುದುಂಟು. ಮೂರನೆಯವರು ಜನರ ಒಡನಾಟ ತಪ್ಪಿಸಿಕೊಳ್ಳಲು ಕೆಲಸವನ್ನೇ ಮರೆಮಾಡಿಕೊಳ್ಳುತ್ತಾರೆ.

ಈ ಮೂರನೆಯವರ ವಿಷಯದಲ್ಲಿ ತುಸು ನಿಲ್ಲಬೇಕು. ರಜೆ ಪಡೆಯದೆ ರಾತ್ರಿಯವರೆಗೆ ಕೂರುವವರನ್ನು ಕರ್ತವ್ಯನಿಷ್ಠೆಗೆ ಮಾದರಿಯೆಂದು ಹೊಗಳುವ ವಾಡಿಕೆಯನ್ನು ನಾವು ಬ್ಯಾಂಕಿನ ಶಾಖೆಗಳಲ್ಲಿ ಕಂಡಿದ್ದೇವೆ. ಕುಳಿತ ಗಂಟೆಗಳೇ ತೊಡಗುವಿಕೆಯಾಗಲಾರವು. ಆ ನೌಕರರ ಮನೆಯವರನ್ನು ಕೇಳಿದರೆ ಬೇರೆ ಕಥೆಯೇ ಹೊರಬಂದೀತು. (ಸೂಕ್ಷ್ಮ ಹುದ್ದೆಯಲ್ಲಿರುವವರಿಗೆ ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆ ನೀಡಬೇಕೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಸೂಚಿಸಿತು. ಅದರ ಗುರಿ ವಂಚನೆಯ ತಡೆಯೇ ಹೊರತು ಮನಶ್ಶಾಂತಿಯಲ್ಲ!)

ಆದರೂ ಬಾಲ್ಯದ ನಂಟೇ ಹಣೆಬರಹವಲ್ಲ. ಅದೇ 1990ರಲ್ಲಿ ವಿಲಿಯಂ ಕಾನ್, ಬೇಸಿಗೆ ಶಿಬಿರವೊಂದರ ಮಾರ್ಗದರ್ಶಕರನ್ನೂ ವಾಸ್ತುಶಿಲ್ಪ ಸಂಸ್ಥೆಯೊಂದರ ನೌಕರರನ್ನೂ ಅಭ್ಯಸಿಸಿ, ತೊಡಗುವಿಕೆಗೆ ಮೂರು ಅಗತ್ಯಗಳನ್ನು ಹೇಳಿದರು. ಕೆಲಸಕ್ಕೆ ಅರ್ಥವಿರಬೇಕು, ಅಂಜಿಕೆಯಿಲ್ಲದೆ ತಾನು ತಾನಾಗಿರುವ ಸುರಕ್ಷತೆ ಇರಬೇಕು, ಮೈಮನಗಳಲ್ಲಿ ತ್ರಾಣವಿರಬೇಕು. ಎರಡನೆಯದು ಬಹುಮಟ್ಟಿಗೆ ಜೊತೆಯವರ ಕೈಯಲ್ಲಿದೆ. ಸಂಜೆ ನಗದು ತಾಳೆಯಾಗದೆ ಬೆವರುತ್ತಿರುವ ಹೊಸ ಕ್ಯಾಷಿಯರಿಗೆ “ಬನ್ನಿ, ಇನ್ನೊಮ್ಮೆ ಎಣಿಸೋಣ” ಎನ್ನುವ ಹಿರಿಯರೊಬ್ಬರಿದ್ದರೆ, ಅವರು ಮರುದಿನ ಕೌಂಟರಿಗೆ ಬರುವ ರೀತಿಯೇ ಬೇರೆ.

ವರ್ಗಾವಣೆಯಲ್ಲಿ ಕಡಿದುಹೋಗುವುದು ಈ ಸಲಿಗೆಯೇ. ಊರುಬಿಟ್ಟು ಮುಂಬಯಿ, ಪುಣೆಗಳಿಗೆ ಬಂದ ನೌಕರರ ಹುದ್ದೆಯೂ ವೇತನವೂ ಜೊತೆಗೆ ಬರುತ್ತವೆ. ಒಡನಾಟ ಮಾತ್ರ ಮೊದಲಿನಿಂದ ಬೆಳೆಯಬೇಕು. ಆ ದಿನಗಳ ನಿರುತ್ಸಾಹವನ್ನು ಸೋಮಾರಿತನವೆನ್ನುವುದು ಅವಸರದ ತೀರ್ಪು. ಅಮೆರಿಕದ ಗ್ಯಾಲಪ್ ಸಂಸ್ಥೆ ನೌಕರರಿಗೆ ಕೇಳುವ 12 ಪ್ರಶ್ನೆಗಳಲ್ಲಿ, ಕೆಲಸದ ಸ್ಥಳದಲ್ಲಿ ಆಪ್ತಮಿತ್ರರಿದ್ದಾರೆಯೇ ಎಂಬುದೂ ಒಂದು. ನಾವು ಭರ್ತಿಮಾಡಿದ ವಾರ್ಷಿಕ ಮೌಲ್ಯಮಾಪನದ ನಮೂನೆಗಳಲ್ಲಿ ಅಂಥ ಕಾಲಂ ಇರಲಿಲ್ಲ.